ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮೊದಲು ಗಡಿಯಾರ ನೋಡಬೇಡಿ

ಕೋಲಾರದ ಕಡೆ ಡಾಕ್ಟರ ಹತ್ತಿರ ಹೋದವರು ಶುಗರ್, ಬಿಪಿ, ಮಂಡಿನೋವು ಎಲ್ಲ ಹೇಳಿಕೊಳ್ಳುತ್ತಾರೆ. ಚೀಟಿ ತೆಗೆದುಕೊಂಡು ಬಾಗಿಲವರೆಗೆ ಬಂದು, ತಿರುಗಿ ನಿಂತು ಇನ್ನೊಂದು ಮಾತು ಸೇರಿಸುತ್ತಾರೆ: "ಸಾರ್, ನಡುರಾತ್ರಿ ಎಚ್ಚರ ಆಗಿಬಿಡುತ್ತೆ. ಆಮೇಲೆ ನಿದ್ದೆ ಹತ್ತಲ್ಲ. ಅದಕ್ಕೂ ಒಂದು ಮಾತ್ರೆ ಬರೆದುಬಿಡಿ."

ಈ ಒಂದು ಮಾತಿನಲ್ಲಿ ಎರಡು ಸಂಗತಿ ಬೆರೆತಿವೆ. ಎಚ್ಚರ ಆಗುವುದು ಒಂದು. ಆಮೇಲೆ ನಿದ್ದೆ ಹತ್ತದಿರುವುದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಆಗುತ್ತದೆ, ದಿನಾ ಆಗುತ್ತದೆ. ಎರಡನೆಯದನ್ನು ಬಹಳ ಸಲ ನಾವೇ ಕೈಯಾರೆ ತಂದುಕೊಳ್ಳುತ್ತೇವೆ. ಎಚ್ಚರ ಆದ ಮೇಲಿನ ಹತ್ತಿಪ್ಪತ್ತು ನಿಮಿಷ ನಾವು ಏನು ಮಾಡುತ್ತೇವೆ ಅನ್ನುವುದರ ಮೇಲೆ ಉಳಿದ ರಾತ್ರಿ ನಿಂತಿದೆ. ಅದನ್ನು ಸರಿ ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳಿದ್ದೇನೆ.

ರಾತ್ರಿ ಒಳಗೆ ಏನು ನಡೆಯುತ್ತದೆ

ನಿದ್ದೆಗೆ ಸುತ್ತುಗಳಿವೆ. ಒಂದು ಸುತ್ತು ಹೆಚ್ಚುಕಮ್ಮಿ ಒಂದೂವರೆ ಗಂಟೆ. ರಾತ್ರಿಗೆ ನಾಲ್ಕರಿಂದ ಆರು ಸುತ್ತು. ಮೊದಲು ಮಂಪರು, ಆಮೇಲೆ ತೆಳು ನಿದ್ದೆ, ಅದಾದ ಮೇಲೆ ಗಾಢ ನಿದ್ದೆ, ಕೊನೆಗೆ ಕನಸಿನ ನಿದ್ದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಎಚ್ಚರ ತೀರಾ ಹತ್ತಿರ ಬರುತ್ತದೆ. ಮಗ್ಗಲು ಬದಲಿಸುತ್ತೇವೆ, ಜಾರಿದ ರಗ್ಗು ಎಳೆದುಕೊಳ್ಳುತ್ತೇವೆ, ಮತ್ತೆ ಮಲಗಿಬಿಡುತ್ತೇವೆ. ಒಂದೆರಡು ನಿಮಿಷದ ಎಚ್ಚರ ಬೆಳಗ್ಗೆ ನೆನಪೇ ಇರುವುದಿಲ್ಲ. "ನಾನು ಬಿದ್ದುಕೊಂಡರೆ ಬೆಳಗ್ಗೇನೇ ಏಳೋದು" ಅಂತ ಜಂಭ ಕೊಚ್ಚಿಕೊಳ್ಳುವವರಿಗೂ ನಡುವೆ ಎಚ್ಚರ ಆಗಿರುತ್ತದೆ. ಅವರಿಗೆ ಗೊತ್ತಾಗಿರುವುದಿಲ್ಲ, ಅಷ್ಟೆ.

ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲ ಮೂರು ನಾಲ್ಕು ಗಂಟೆಯಲ್ಲೇ ಮುಗಿಯುತ್ತದೆ. ಹತ್ತಕ್ಕೆ ಮಲಗಿದವರಿಗೆ ಎರಡು ಗಂಟೆ ಹೊತ್ತಿಗೆ ಉಳಿಯುವುದು ಹೆಚ್ಚಾಗಿ ತೆಳು ನಿದ್ದೆ ಮತ್ತು ಕನಸು. ಹಗಲೆಲ್ಲ ಮೈಯಲ್ಲಿ ಕೂಡಿದ್ದ ನಿದ್ದೆಯ ಹಸಿವೂ ಅಷ್ಟು ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ತೀರಿರುತ್ತದೆ. ಬೆಳಗಿನ ಜಾವಕ್ಕೆ ಮೈಯ ಬಿಸಿ ತೀರಾ ಇಳಿದು, ಮತ್ತೆ ಏರಲು ಶುರು ಮಾಡುತ್ತದೆ. ನಮ್ಮನ್ನು ಏಳಲು ತಯಾರು ಮಾಡುವ ಕಾರ್ಟಿಸಾಲ್ ಹಾರ್ಮೋನು ಕೂಡ ಆಗ ಮೇಲೇರುತ್ತದೆ. ಎರಡರಿಂದ ನಾಲ್ಕರ ನಡುವೆ ಇಷ್ಟು ಜನಕ್ಕೆ ಎಚ್ಚರ ಆಗುವುದು ಇದಕ್ಕೇ. "ಮೂರು ಗಂಟೆಗೆ ಎಚ್ಚರ ಆದ್ರೆ ಲಿವರ್ ಕೆಟ್ಟಿದೆ ಅಂತ ಅರ್ಥ" ಎನ್ನುವ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರಬೇಕು. ಅದನ್ನು ಅಳಿಸಿ. ಗಾಳಿ ಸೋಕಿದೆ, ದೃಷ್ಟಿ ಆಗಿದೆ ಅನ್ನುವುದಕ್ಕೂ ಅಷ್ಟೇ ಬೆಲೆ.

ವಯಸ್ಸಾದ ಹಾಗೆ ಗಾಢ ನಿದ್ದೆ ಕಮ್ಮಿಯಾಗುತ್ತಾ ಬರುತ್ತದೆ. ಅರವತ್ತು ದಾಟಿದವರಿಗೆ ರಾತ್ರಿ ಒಂದೆರಡು ಸಲ ಪೂರ್ತಿ ಎಚ್ಚರ ಆಗುವುದು ಮಾಮೂಲು.

ಹಿಂದಿನವರು ಹೇಗೆ ಮಲಗುತ್ತಿದ್ದರು

ಕೆಜಿಎಫ್ ಗಣಿಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಆದರೆ ಗಣಿಯಿಂದ ಹತ್ತಾರು ಮೈಲಿ ಆಚೆಯ ಹಳ್ಳಿಗಳು ಎಷ್ಟೋ ಕಾಲ ಬುಡ್ಡಿದೀಪದಲ್ಲೇ ಇದ್ದವು. ಹೊತ್ತು ಮುಳುಗಿದ ಮೇಲೆ ಕತ್ತಲೆ ಹತ್ತು ಹನ್ನೆರಡು ಗಂಟೆ. ಅಷ್ಟೂ ಹೊತ್ತು ಯಾರು ಮಲಗುತ್ತಾರೆ ಹೇಳಿ?

ಅಮೆರಿಕದ ಇತಿಹಾಸಕಾರ ರೋಜರ್ ಎಕರ್ಚ್ ಇದೇ ಪ್ರಶ್ನೆಯನ್ನು ಯುರೋಪಿನ ಬಗ್ಗೆ ಕೇಳಿಕೊಂಡರು. ಹಳೆಯ ಕೋರ್ಟು ಕಾಗದ, ದಿನಚರಿ, ವೈದ್ಯದ ಬರಹ ಎಲ್ಲ ಜಾಲಾಡಿ 2001ರಲ್ಲಿ ಒಂದು ಪ್ರಬಂಧ ಬರೆದರು. ಅಲ್ಲಿನ ಜನ ಮೊದಲ ನಿದ್ದೆ, ಎರಡನೇ ನಿದ್ದೆ ಅಂತ ಎರಡು ಕಂತಿನಲ್ಲಿ ಮಲಗುತ್ತಿದ್ದರು. ನಡುವೆ ಒಂದು ಗಂಟೆ ಎದ್ದು ಪ್ರಾರ್ಥನೆ, ಮಾತುಕತೆ, ಮನೆಗೆಲಸ ಮಾಡುತ್ತಿದ್ದರು ಅನ್ನುವುದು ಅವರ ವಾದ. ಅದಕ್ಕೂ ಮುಂಚೆ, 1990ರ ದಶಕದ ಶುರುವಿನಲ್ಲಿ, ಅಮೆರಿಕದಲ್ಲೇ ಥಾಮಸ್ ವೆಹ್ರ್ ಎಂಬ ವೈದ್ಯ ವಿಜ್ಞಾನಿ ಕೆಲವರನ್ನು ಒಂದು ತಿಂಗಳು ದಿನಕ್ಕೆ 14 ಗಂಟೆ ಕತ್ತಲೆಯಲ್ಲಿ ಇಟ್ಟು ನೋಡಿದ್ದರು. ಶುರುವಿನಲ್ಲಿ ಅವರು ಹಳೆ ಬಾಕಿ ತೀರಿಸುವಂತೆ ಉದ್ದಕ್ಕೆ ಮಲಗಿದರು. ಕೊನೆಕೊನೆಗೆ ನಿದ್ದೆ ತಾನಾಗಿ ಎರಡು ತುಂಡಾಯಿತು. ನಡುವೆ ಒಂದರಿಂದ ಮೂರು ಗಂಟೆ ಶಾಂತವಾದ ಎಚ್ಚರ.

ಇದನ್ನು ಓದಿ "ಎರಡು ತುಂಡಿನ ನಿದ್ದೆಯೇ ಸಹಜ, ಒಂದೇ ನಿದ್ದೆ ಫ್ಯಾಕ್ಟರಿ ಕಾಲದ್ದು" ಅಂತ ಹೇಳುವವರು ಈಗ ಬಹಳ ಇದ್ದಾರೆ. ನನಗೆ ಅದು ಅತಿಯಾಯಿತು ಅನ್ನಿಸುತ್ತದೆ. 2015ರಲ್ಲಿ ಜೆರೋಮ್ ಸೀಗೆಲ್ ಮತ್ತು ಸಂಗಡಿಗರು ತಾಂಜಾನಿಯಾ, ನಮೀಬಿಯಾ, ಬೊಲಿವಿಯಾದಲ್ಲಿ ಕರೆಂಟಿಲ್ಲದೆ ಬದುಕುವ ಮೂರು ಸಮುದಾಯಗಳ ನಿದ್ದೆ ಅಳೆದರು. ಅವರು ಹೊತ್ತು ಮುಳುಗಿ ಮೂರು ಗಂಟೆ ಆದ ಮೇಲೆ ಮಲಗುತ್ತಿದ್ದರು. ಹೆಚ್ಚಾಗಿ ಹೊತ್ತು ಮೂಡುವ ಮುಂಚೆಯೇ ಏಳುತ್ತಿದ್ದರು. ನಿದ್ದೆ ಒಂದೇ ಕಂತು, 5.7ರಿಂದ 7.1 ಗಂಟೆ. ಅಂದರೆ ಮನುಷ್ಯನ ನಿದ್ದೆ ಎರಡಕ್ಕೂ ಒಗ್ಗುತ್ತದೆ. ಉದ್ದದ ಕತ್ತಲೆ ಸಿಕ್ಕರೆ ತುಂಡಾಗುತ್ತದೆ, ಹೊತ್ತು ಕಮ್ಮಿ ಇದ್ದರೆ ಕೂಡಿಕೊಳ್ಳುತ್ತದೆ. ಈ ಮಾತು ಮನಸ್ಸಲ್ಲಿರಲಿ, ಮೂರನೇ ಹೆಜ್ಜೆಯಲ್ಲಿ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಎರಡು ವಾರ ಬರೆದಿಡಿ

ಮನೆಯಲ್ಲಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಇರುತ್ತದಲ್ಲ, ಅದರ ಚೌಕದಲ್ಲೇ ಬರೆಯಬಹುದು, ಇಲ್ಲ ಒಂದು ಚೀಟಿಯಲ್ಲಿ. ಬೆಳಗ್ಗೆ ಕಾಫಿ ಕುಡಿಯುವಾಗ ಬರೆಯಿರಿ, ರಾತ್ರಿ ಎದ್ದು ಬರೆಯಬೇಡಿ. ಎಷ್ಟಕ್ಕೆ ಮಲಗಿದಿರಿ, ಅಂದಾಜು ಎಷ್ಟು ಸಲ, ಎಷ್ಟು ಹೊತ್ತು ಎಚ್ಚರ, ಎಷ್ಟಕ್ಕೆ ಹಾಸಿಗೆ ಬಿಟ್ಟಿರಿ, ಹಗಲು ಎಷ್ಟು ಹೊತ್ತು ಮಲಗಿದಿರಿ. ಇಷ್ಟೇ ಸಾಕು. ಲೆಕ್ಕ ನಿಖರವಾಗಿರಬೇಕಿಲ್ಲ. ಪಕ್ಕದಲ್ಲಿ ಒಂದು ಗುರುತು: ಹಗಲು ಮೈ ಸರಿಯಿತ್ತಾ, ಇಲ್ಲ ತೂಕಡಿಸಿದಿರಾ?

ಎರಡು ವಾರ ಕಳೆದ ಮೇಲೆ ಓದಿ ನೋಡಿ. ಎಷ್ಟೋ ಜನಕ್ಕೆ ಅರ್ಧ ಚಿಂತೆ ಇಲ್ಲೇ ಇಳಿದುಹೋಗುತ್ತದೆ. ಮುಳಬಾಗಿಲು ಕಡೆಯ ಹಳ್ಳಿಯ ಒಬ್ಬ ಅಜ್ಜಿಯ ಚೀಟಿ ಹೀಗಿತ್ತು: ಮುದ್ದೆ ಉಂಡು ಎಂಟಕ್ಕೆ ಮಲಗುವುದು, ಎರಡೂವರೆಗೆ ಎಚ್ಚರ, ಮಧ್ಯಾಹ್ನ ಜಗುಲಿ ಮೇಲೆ ಒಂದೂವರೆ ಗಂಟೆ. ಕೂಡಿಸಿ ನೋಡಿ, ಎಂಟು ಗಂಟೆ! ಅಜ್ಜಿಗೆ ನಿದ್ದೆ ಕಮ್ಮಿ ಆಗಿರಲಿಲ್ಲ. ಅವರ ಮಟ್ಟಿಗೆ ಎರಡೂವರೆಗೇ ಬೆಳಗಾಗುತ್ತಿತ್ತು. ಅರವತ್ತೈದು ದಾಟಿದವರಿಗೆ ಏಳೆಂಟು ಗಂಟೆ ನಿದ್ದೆ ಧಾರಾಳ ಸಾಕು. ಮಧ್ಯಾಹ್ನದ ನಿದ್ದೆ ಕಮ್ಮಿ ಮಾಡಿ, ರಾತ್ರಿ ಹತ್ತರವರೆಗೆ ಎದ್ದಿರುವುದೇ ಅವರಿಗೆ ಮದ್ದು. ಹತ್ತರವರೆಗೆ ಏನು ಮಾಡೋದು ಅಂತ ಅಜ್ಜಿ ಕೇಳಿದರು. ಮೊಮ್ಮಕ್ಕಳಿಗೆ ಕಥೆ ಹೇಳಿ ಅಂದರೆ, ಅವರು ಮೊಬೈಲು ಬಿಡಲ್ಲ ಅಂದರು.

ಚೀಟಿಯಲ್ಲಿ ಹಗಲು ಮೈ ಚೆನ್ನಾಗಿಯೇ ಇತ್ತು ಅಂತ ಇದ್ದರೆ, ರಾತ್ರಿ ಎಷ್ಟು ಸಲ ಎಚ್ಚರವಾದರೂ ಬಿಡಿ, ಮುಂದಿನ ಹೆಜ್ಜೆಗಳ ಗೋಜಿಗೆ ಹೋಗಬೇಡಿ.

ಹೆಜ್ಜೆ 2: ಎಚ್ಚರವಾದ ಆ ಹೊತ್ತಿನಲ್ಲಿ

ಕಣ್ಣು ಬಿಟ್ಟ ತಕ್ಷಣ ಕೈ ಎಲ್ಲಿಗೆ ಹೋಗುತ್ತದೆ? ದಿಂಬಿನ ಪಕ್ಕದ ಮೊಬೈಲಿಗೆ. 2:40. ತಕ್ಷಣ ತಲೆಯಲ್ಲಿ ಲೆಕ್ಕ ಶುರು. ಐದಕ್ಕೆ ಏಳಬೇಕು, ಇನ್ನು ಎರಡು ಗಂಟೆ ಇಪ್ಪತ್ತು ನಿಮಿಷ. ಈಗಲೇ ನಿದ್ದೆ ಬಂದರೂ ಒಟ್ಟು ಆರು ಗಂಟೆ ಆಗಲ್ಲ. ನಾಳೆ ಮಂಡಿಗೆ ಬೇರೆ ಹೋಗಬೇಕು. ಹೆಂಗೂ ಫೋನು ಕೈಯಲ್ಲಿದೆ, ಟೊಮ್ಯಾಟೊ ರೇಟು ಎಷ್ಟಾಗಿದೆ ನೋಡೋಣ. ಬಾಕ್ಸಿಗೆ ನೂರು ರೂಪಾಯಿ ಬಿದ್ದಿದೆ. ಆಯ್ತಲ್ಲ, ಇನ್ನೆಲ್ಲಿಯ ನಿದ್ದೆ!

ಇಲ್ಲಿ ಎಚ್ಚರ ಮಾಡಿದ್ದು ಏನೂ ಇಲ್ಲ. ಕೆಲಸ ಕೆಡಿಸಿದ್ದು ಲೆಕ್ಕ. ಆದ್ದರಿಂದ:

ಗಡಿಯಾರ ನೋಡಬೇಡಿ. ಫೋನಿಗೆ ಅಲಾರಂ ಇಟ್ಟು ಕೈಗೆ ಸಿಗದಷ್ಟು ದೂರ, ಟಿವಿ ಸ್ಟ್ಯಾಂಡ್ ಮೇಲೋ ಅಡಿಗೆಮನೆ ಗೂಡಿನಲ್ಲೋ ಮಗುಚಿಡಿ. ಗೋಡೆ ಗಡಿಯಾರದ ಟಿಕ್ ಟಿಕ್ ಕಾಡಿದರೆ ಅದನ್ನೂ ಹಜಾರಕ್ಕೆ ಸಾಗಿಸಿ. ಅಲಾರಂ ಹೊಡೆಯುವವರೆಗೆ ಗಂಟೆ ಎಷ್ಟಾದರೆ ನಿಮಗೇನು?

ಮೂತ್ರಕ್ಕೆ ಏಳಬೇಕಾದರೆ ಏಳಿ, ತಡೆದುಕೊಂಡು ಒದ್ದಾಡಬೇಡಿ. ಆದರೆ ಟ್ಯೂಬ್‌ಲೈಟ್ ಹಾಕಬೇಡಿ. ಕಣ್ಣಿಗೆ ಬಿದ್ದ ಬೆಳಕು ಮೈಗೆ ಬೆಳಗಾಯಿತು ಅಂತ ಹೇಳುತ್ತದೆ, ನಿದ್ದೆಗೆ ದಾರಿ ಮಾಡುವ ಮೆಲಟೋನಿನ್ ಇಳಿಯುತ್ತದೆ. ಒಂದು ಜೀರೋ ಬಲ್ಬು ಸಾಕು. ಬಚ್ಚಲು ಹಿತ್ತಲಿನಲ್ಲಿದ್ದರೆ ಟಾರ್ಚ್ ನೆಲಕ್ಕೆ ಹಿಡಿದು ಹೋಗಿ. ವಯಸ್ಸಾದವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಥಟ್ಟನೆ ಎದ್ದು ನಿಲ್ಲಬಾರದು. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು, ತಲೆ ತಿರುಗುತ್ತಿಲ್ಲ ಅಂತ ಖಾತ್ರಿ ಆದ ಮೇಲೆ ಏಳಬೇಕು. ರಾತ್ರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಈ ಅವಸರದಲ್ಲೂ ಉಂಟು.

ಮತ್ತೆ ಬಂದು ಮಲಗಿ, ಸುಮ್ನೆ ಇರಿ. ನಿದ್ದೆ ಮಾಡಲು ಪ್ರಯತ್ನ ಪಡಬೇಡಿ. ಪ್ರಯತ್ನ ಪಟ್ಟಷ್ಟೂ ಅದು ದೂರ. ಉಸಿರು ನಿಧಾನವಾಗಿ ಬಿಡುತ್ತಾ, ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರಲಿ. ದೇವರ ನಾಮ ಹೇಳಿಕೊಳ್ಳುವ ಅಭ್ಯಾಸ ಇದ್ದರೆ ಮನಸ್ಸಲ್ಲೇ ಹೇಳಿಕೊಳ್ಳಿ. ಮೈ ಹಗುರಾಗಿ, ಬೇಸರವಿಲ್ಲದೆ ಮಲಗಿದ್ದರೆ ಅದೇ ಒಂದು ವಿಶ್ರಾಂತಿ. ಎಷ್ಟೋ ಸಲ ಅಷ್ಟರಲ್ಲಿ ಕಣ್ಣು ಅಂಟಿರುತ್ತದೆ.

ಅಂಟಲಿಲ್ಲ, ಸಿಟ್ಟು ಬರುತ್ತಿದೆ, ಇಪ್ಪತ್ತು ನಿಮಿಷವಾದರೂ ಆಗಿರಬೇಕು ಅನ್ನಿಸಿದರೆ ಎದ್ದುಬಿಡಿ. ಹಾಸಿಗೆಯಲ್ಲಿ ಒದ್ದಾಡುವ ಅಭ್ಯಾಸ ಬಿದ್ದರೆ ಹಾಸಿಗೆ ಅಂದರೆ ಒದ್ದಾಟ ಅಂತ ಮೈ ಕಲಿತುಬಿಡುತ್ತದೆ. ಅದನ್ನು ಬಿಡಿಸುವ ಈ ಉಪಾಯ ಇವತ್ತಿನದಲ್ಲ. 1970ರ ದಶಕದಲ್ಲಿ ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞ ರೂಪಿಸಿದ್ದು, ಇವತ್ತಿಗೂ ನಿದ್ದೆಯ ಚಿಕಿತ್ಸೆಯಲ್ಲಿ ಮುಖ್ಯವಾದದ್ದು. ಬೇರೆ ಕೋಣೆ ಇಲ್ಲದ ಮನೆಯಾದರೆ ಅದೇ ಕೋಣೆಯ ಇನ್ನೊಂದು ಮೂಲೆ, ಒಂದು ಕುರ್ಚಿ, ಒಂದು ಚಾಪೆ ಸಾಕು.

ಅಲ್ಲಿ ಕೂತು ಮಾಡಲು ಬೇಸರ ತರುವ ಕೆಲಸ ಬೇಕು. ಅವರೆಕಾಯಿ ಕಾಲದಲ್ಲಿ ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ ಕೆಲಸ ಒಂದಿದೆ, ಬೇಳೆ ಹಿತುಕುವುದು. ಸಂಜೆ ನೆನೆಸಿಟ್ಟ ಕಾಳಿನ ಬಟ್ಟಲು ಮಡಿಲಲ್ಲಿಟ್ಟುಕೊಂಡು, ಮಂದ ಬೆಳಕಿನಲ್ಲಿ, ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೇ ಒತ್ತುವುದು. ಬೇಳೆ ಪುಳಕ್ ಅಂತ ಪಾತ್ರೆಗೆ, ಸಿಪ್ಪೆ ಇನ್ನೊಂದು ಕಡೆಗೆ. ಕಣ್ಣು ಬೇಡ, ತಲೆ ಬೇಡ, ಬೆರಳಿಗೆ ಮಾತ್ರ ಕೆಲಸ. ಮಧ್ಯದಲ್ಲಿ ತೂಕಡಿಕೆ ಬರದವರು ಕಮ್ಮಿ. ಮಾರನೇ ದಿನ ಹುಳಿಗೆ ಬೇಳೆಯೂ ಆಯಿತು. ಅವರೆ ಇಲ್ಲದ ಕಾಲಕ್ಕೆ ಬಟ್ಟೆ ಮಡಿಸುವುದು, ಹಳೇ ಪುಸ್ತಕ ಓದುವುದು. ಸಂಘದ ಕಂತಿನ ಲೆಕ್ಕ, ಚೀಟಿ ದುಡ್ಡಿನ ಲೆಕ್ಕ, ಟಿವಿ, ರೀಲ್ಸ್ ಇವ್ಯಾವೂ ಬೇಡ. ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ. ಮತ್ತೆ ಬರಲಿಲ್ಲವಾ, ಮತ್ತೆ ಎದ್ದು ಬನ್ನಿ. ಮೊದಲ ಕೆಲವು ರಾತ್ರಿ ಇದು ಹಿಂಸೆ ಅನ್ನಿಸುತ್ತದೆ. ಎರಡು ಮೂರು ವಾರ ಬಿಡದೆ ಮಾಡಿದರೆ ಮಾತ್ರ ಫಲ ಕಾಣುತ್ತದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಚಿಂತೆ ಇರುವವರು ಏನು ಮಾಡಬೇಕು ಅಂತ ಗಾದೆ ಹೇಳುವುದಿಲ್ಲ. ಒಂದು ಉಪಾಯ ಇದೆ. ಸಂಜೆ ಏಳರ ಹೊತ್ತಿಗೆ, ಊಟಕ್ಕೆ ಮುಂಚೆ, ಹತ್ತು ನಿಮಿಷ ಕೂತು ಏನೇನು ತಲೆ ತಿನ್ನುತ್ತಿದೆ ಎಲ್ಲ ಒಂದು ಕಾಗದಕ್ಕೆ ಇಳಿಸಿ. ಪ್ರತಿಯೊಂದರ ಎದುರು ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸ ಬರೆಯಿರಿ. "ಮಂಗಳವಾರದ ಕಂತು: ಬೆಳಗ್ಗೆ ತಮ್ಮನಿಗೆ ಫೋನು." ಅಷ್ಟೆ. ರಾತ್ರಿ ಅದೇ ಚಿಂತೆ ಬಂದರೆ, ಅದು ಕಾಗದದಲ್ಲಿದೆ, ಬೆಳಗ್ಗೆ ನೋಡೋಣ ಅಂತ ಮುಂದಕ್ಕೆ ತಳ್ಳಬಹುದು. ಸಾಲ ಇದರಿಂದ ತೀರುವುದಿಲ್ಲ, ನಿಜ. ಆದರೆ ರಾತ್ರಿ ಮೂರಕ್ಕೆ ಯೋಚನೆ ಮಾಡಿದರೂ ತೀರುವುದಿಲ್ಲವಲ್ಲ.

ಹೆಜ್ಜೆ 3: ಹಾಸಿಗೆಯ ಹೊತ್ತು ಕಮ್ಮಿ ಮಾಡಿ

ನಿದ್ದೆ ಸಾಲದು ಅಂತ ಬೇಗ ಮಲಗುವುದು, ತಡವಾಗಿ ಏಳುವುದು ಎಲ್ಲರೂ ಮಾಡುವ ಕೆಲಸ. ಆಗುವುದು ತಿರುಗುಮುರುಗು. ಆರು ಗಂಟೆಯ ನಿದ್ದೆಯನ್ನು ಒಂಬತ್ತು ಗಂಟೆಗೆ ಎಳೆದರೆ, ಸಾರಿಗೆ ನೀರು ಸುರಿದ ಹಾಗೆ ತೆಳ್ಳಗಾಗುತ್ತದೆ. ಕತ್ತಲೆಯಲ್ಲಿ ಉದ್ದಕ್ಕೆ ಮಲಗಿಸಿದಾಗ ನಿದ್ದೆ ತುಂಡಾದದ್ದು ಮೇಲೆ ಓದಿದಿರಲ್ಲ, ಅದೇ ಇದು.

ಚೀಟಿ ತೆಗೆಯಿರಿ. ಒಂಬತ್ತರಿಂದ ಐದೂವರೆವರೆಗೆ ಹಾಸಿಗೆ, ನಿಜವಾಗಿ ನಿದ್ದೆ ಆರು ಗಂಟೆ ಅಂತ ಇಟ್ಟುಕೊಳ್ಳಿ. ಏಳುವ ಹೊತ್ತು ಐದೂವರೆ ಅಂತ ಗಟ್ಟಿ ಮಾಡಿ. ಭಾನುವಾರವೂ ಅದೇ, ಹಬ್ಬಕ್ಕೂ ಅದೇ. ಮಲಗುವುದು ಹನ್ನೊಂದಕ್ಕೆ. ಅಂದರೆ ಹಾಸಿಗೆಯಲ್ಲಿ ಆರೂವರೆ ಗಂಟೆ ಮಾತ್ರ. ಒಂದು ವಾರದಲ್ಲಿ ನಡುವಿನ ಎಚ್ಚರ ಕಮ್ಮಿಯಾಗುತ್ತಾ ಬಂದರೆ ಮಲಗುವ ಹೊತ್ತನ್ನು ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಹೀಗೇ ವಾರಕ್ಕೆ ಹದಿನೈದು ನಿಮಿಷ, ಹಗಲು ಮೈ ಸರಿ ಅನ್ನಿಸುವವರೆಗೆ.

ಇದು ಖಾರದ ಮದ್ದು. ಮೊದಲ ವಾರ ಹಗಲು ತೂಕಡಿಕೆ ಜಾಸ್ತಿ ಇರುತ್ತದೆ. ಲಾರಿ, ಟೆಂಪೋ, ಬಸ್ಸು ಓಡಿಸುವವರು, ಮೂರ್ಛೆ ರೋಗ ಇರುವವರು, ಬೈಪೋಲಾರ್ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಹಾಸಿಗೆಯ ಹೊತ್ತನ್ನು ಆರು ಗಂಟೆಗಿಂತ ಕೆಳಗೆ ನೀವಾಗಿ ಯಾರೂ ಇಳಿಸಬೇಡಿ.

ಹೆಜ್ಜೆ 4: ಹಗಲಿನ ಕೆಲಸ

ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ಬಯಲಿಗೆ ಬನ್ನಿ. ಒಳಗಿನ ಗಡಿಯಾರಕ್ಕೆ ಬೀಗದ ಕೈ ತಿರುಗಿಸುವುದು ಬೆಳಗಿನ ಬೆಳಕೇ. ಹೊಲ, ಡೇರಿ ಅಂತ ಓಡಾಡುವವರಿಗೆ ಇದನ್ನು ಹೇಳುವುದೇ ಬೇಡ. ಅಂಗಡಿ, ಆಫೀಸು ಅಂತ ಒಳಗೇ ಇರುವವರಿಗೆ ಬೇಕು.

ಕಾಫಿ, ಟೀ ಮಧ್ಯಾಹ್ನ ಎರಡು ಗಂಟೆಯ ಮೇಲೆ ಬಿಟ್ಟುನೋಡಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಹೆಚ್ಚುಕಮ್ಮಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಲೋಟದ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. "ನಂಗೆ ಕಾಫಿ ಕುಡಿದ್ರೂ ನಿದ್ದೆ ಬರುತ್ತೆ" ಅನ್ನುವವರಿಗೆ ನಿದ್ದೆ ಬರಬಹುದು, ಆದರೆ ಗಾಢ ನಿದ್ದೆ ಕಮ್ಮಿಯಾಗುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಕೂಡ ಎಬ್ಬಿಸುವ ವಸ್ತುಗಳೇ. ಇನ್ನು ಎಣ್ಣೆ. ಒಂದು ಕ್ವಾರ್ಟರ್ ಹಾಕಿದರೆ ಬೇಗ ನಿದ್ದೆ ಬರುತ್ತದೆ ಅನ್ನುವುದು ಸುಳ್ಳಲ್ಲ. ಅದು ಇಳಿಯುವ ಹೊತ್ತಿಗೆ, ಅಂದರೆ ರಾತ್ರಿಯ ಎರಡನೇ ಅರ್ಧಕ್ಕೆ, ನಿದ್ದೆ ಚೂರುಚೂರಾಗುತ್ತದೆ. ಬಾಯಾರಿಕೆ, ಮೂತ್ರ, ಗೊರಕೆ ಎಲ್ಲ ಜೊತೆಗೆ.

ರಾತ್ರಿ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಆಗಲಿ. ಎದೆ ಉರಿ ಬಂದು ಎಚ್ಚರ ಆಗುವವರು ಎಡ ಮಗ್ಗುಲಿಗೆ ಮಲಗಿ, ಮಂಚದ ತಲೆಯ ಕಡೆಯ ಕಾಲಿಗೆ ಇಟ್ಟಿಗೆ ಕೊಡಿ. ನೀರನ್ನು ಹಗಲೇ ಧಾರಾಳವಾಗಿ ಕುಡಿದು, ಮಲಗುವ ಎರಡು ಗಂಟೆ ಮುಂಚೆ ಕಮ್ಮಿ ಮಾಡಿ. ಸಂಜೆ ಹೊತ್ತಿಗೆ ಪಾದ ಊದುವವರಿಗೆ ಇನ್ನೊಂದು ಮಾತು. ಹಗಲು ಕಾಲಲ್ಲಿ ನಿಂತ ನೀರು ಮಲಗಿದ ಮೇಲೆ ರಕ್ತಕ್ಕೆ ಸೇರಿ ರಾತ್ರಿಯಿಡೀ ಮೂತ್ರವಾಗುತ್ತದೆ. ಸಂಜೆ ನಾಲ್ಕೈದರ ಹೊತ್ತಿಗೆ ಒಂದು ಗಂಟೆ ದಿಂಬಿನ ಮೇಲೆ ಕಾಲು ಎತ್ತಿಟ್ಟರೆ ಆ ಕೆಲಸ ಹಗಲೇ ಮುಗಿಯುತ್ತದೆ. ಊತ ಯಾಕೆ ಬಂತು ಅಂತ ಮಾತ್ರ ಡಾಕ್ಟರಿಗೆ ತೋರಿಸಲೇಬೇಕು.

ಹಗಲು ಮಲಗಲೇಬೇಕು ಅನ್ನಿಸಿದರೆ ಮೂರು ಗಂಟೆಗೆ ಮುಂಚೆ, ಅರ್ಧ ಗಂಟೆ ಮೀರದಂತೆ.

ಕೆಲಸವೇ ಎಬ್ಬಿಸಿದರೆ

ಮೇಲಿನದೆಲ್ಲ ಓದಿ ನಮ್ಮ ಜಿಲ್ಲೆಯ ಅರ್ಧ ಜನ ನಗಬಹುದು. ಹೊಲದ ಮೋಟ್ರು ಓಡಿಸುವ ತ್ರೀ ಫೇಸ್ ಕರೆಂಟು ರಾತ್ರಿ ಒಂದಕ್ಕೆ ಕೊಟ್ಟರೆ ಮಲಗಿಕೊಂಡಿರಲು ಆಗುತ್ತಾ? ಬೋರಿನಲ್ಲಿ ಬರುವುದೇ ಒಂದಿಂಚು ನೀರು. ಅದನ್ನು ಬಿಟ್ಟರೆ ಬೆಳೆ ಹೋಯಿತು.

ರಾತ್ರಿ ಪಾಳಿ ಗೊತ್ತಿರುವ ವಾರ ಎಂಟೂವರೆಗೇ ಮಲಗಿಬಿಡಿ. ಮೊದಲ ನಾಲ್ಕು ಗಂಟೆ ಯಾರೂ ಎಬ್ಬಿಸದಂತೆ ನೋಡಿಕೊಳ್ಳಿ. ಗಾಢ ನಿದ್ದೆ ಅಷ್ಟರಲ್ಲಿ ಸಿಕ್ಕಿಬಿಟ್ಟರೆ ಉಳಿದದ್ದನ್ನು ಮೈ ತಡೆದುಕೊಳ್ಳುತ್ತದೆ. ಅಣ್ಣ ತಮ್ಮ, ಪಕ್ಕದ ಹೊಲದವರು ಸೇರಿ ದಿನ ಬಿಟ್ಟು ದಿನ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಹೋಗುವಾಗ ಟಾರ್ಚು, ಕಾಲಿಗೆ ಬೂಟು. ನಿದ್ದೆಗಣ್ಣಲ್ಲಿ ಹಾವು ಕಾಣುವುದಿಲ್ಲ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಡಿ. ವಾಪಸ್ ಬಂದವರು ಫೋನು ನೋಡದೆ, ಕಾಲು ತೊಳೆದು ನೇರ ಹಾಸಿಗೆಗೆ.

ಶ್ರೀನಿವಾಸಪುರದ ಹತ್ತಿರ ನನಗೆ ಪರಿಚಯದ ಒಬ್ಬ ರೈತರು ವರ್ಷಗಟ್ಟಲೆ ಹೀಗೆ ಒಂದು ಗಂಟೆಗೆ ಎದ್ದವರು. ಆಮೇಲೆ ಆಟೋ ಸ್ಟಾರ್ಟರ್ ಹಾಕಿಸಿದರು. ಕರೆಂಟು ಬಂದರೆ ಮೋಟ್ರು ತಾನೇ ಓಡುತ್ತದೆ. ಆದರೆ ಇವರಿಗೆ ಒಂದು ಗಂಟೆಗೆ ಕಣ್ಣು ಬಿಡುವುದು ನಿಲ್ಲಲಿಲ್ಲ. ಎದ್ದು ಕೂತು ದೂರದ ಮೋಟ್ರಿನ ಸದ್ದು ಕೇಳುತ್ತದಾ ಅಂತ ಕಿವಿ ಕೊಡುವುದು, ಸದ್ದು ಕೇಳದಿದ್ದರೆ ಟಾರ್ಚ್ ಹಿಡಿದು ಹೊರಡುವುದು. ಹೆಂಡತಿ ಬೈಯ್ದು ಬೈಯ್ದು ಸುಸ್ತಾಗಿದ್ದರು. ಇಂಥವರಿಗೆ ಮೂರನೇ ಹೆಜ್ಜೆ ಚೆನ್ನಾಗಿ ಹೊಂದುತ್ತದೆ. ಜೊತೆಗೆ ಒಂದು ಕರಾರು: ರಾತ್ರಿ ನೀರು ಬಂತಾ ಇಲ್ಲವಾ ಅಂತ ಬೆಳಗ್ಗೆ ಮಾತ್ರ ನೋಡುವುದು. ಕಲಿತದ್ದನ್ನು ಮರೆಯಲು ಮೈಗೆ ಕೆಲವು ವಾರ ಬೇಕಾಗುತ್ತದೆ.

ರೇಷ್ಮೆ ಮಾಡುವವರಿಗೆ ಹುಳವೇ ನಿದ್ದೆಯ ಲೆಕ್ಕ ಕೊಡುತ್ತದೆ. ಚಾಕಿ ಹುಳ, ಅಂದರೆ ಎರಡು ಜ್ವರ ದಾಟಿಸಿದ ಮರಿಹುಳ, ತಂದ ಮೇಲೆ ಉಳಿಯುವುದು ಮೂರನೇ, ನಾಲ್ಕನೇ ಜ್ವರ. ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು. ಜ್ವರಕ್ಕೆ ಕೂತ ಹುಳ ಹೆಚ್ಚುಕಮ್ಮಿ ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಸೊಪ್ಪು ಹಾಕುವ ಹಾಗಿಲ್ಲ. ಆ ರಾತ್ರಿ ನೀವೂ ಪೂರ್ತಿ ಮಲಗಿ. ನಾಲ್ಕನೇ ಜ್ವರ ಎದ್ದ ಮೇಲೆ ಕೊನೆಯ ವಾರ ಹುಳ ಬಕಾಸುರ. ಅದು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಹತ್ತಿಸುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಆ ವಾರ ಮಧ್ಯಾಹ್ನದ ಅರ್ಧ ಗಂಟೆಯ ನಿಯಮ ಮರೆತು, ಸಿಕ್ಕಾಗ ಸಿಕ್ಕಷ್ಟು ಮಲಗಿ. ಕರಗದ ರಾತ್ರಿ, ಮದುವೆ ಮನೆಯ ರಾತ್ರಿಗೂ ಇದೇ ಮಾತು. ಅಪರೂಪಕ್ಕೆ ಕೆಟ್ಟ ನಿದ್ದೆಯನ್ನು ಮೈ ತಾನೇ ಸರಿ ಮಾಡಿಕೊಳ್ಳುತ್ತದೆ.

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಯಲ್ಲಿ ರಾತ್ರಿ ಶಿಫ್ಟ್ ಮಾಡುವವರು ಟೀಯನ್ನು ಶಿಫ್ಟಿನ ಮೊದಲ ಅರ್ಧದಲ್ಲೇ ಮುಗಿಸಿ. ಮನೆಗೆ ಬಂದು ಲಘುವಾಗಿ ತಿಂದು ತಕ್ಷಣ ಮಲಗಿ. ಕಿಟಕಿಗೆ ಕಪ್ಪು ಬೆಡ್‌ಶೀಟ್ ಕಟ್ಟಿ, ಕಿವಿಗೆ ಹತ್ತಿ ಇಡಿ. ಕಷ್ಟ ಅಂದರೆ ಮನೆಯವರಿಗೆ ಒಪ್ಪಿಸುವುದು. ಹಗಲು ಮಲಗಿದವರನ್ನು ಸೋಮಾರಿ ಅನ್ನುವುದು, "ಒಂದು ನಿಮಿಷ ಸಿಲಿಂಡರ್ ಬದಲಾಯಿಸಿ ಮಲಗಪ್ಪಾ" ಅಂತ ಎಬ್ಬಿಸುವುದು ಎಲ್ಲ ಮನೆಯಲ್ಲೂ ಇದೆ. ರಾತ್ರಿ ಎರಡಕ್ಕೆ ನಿಮ್ಮನ್ನು ಯಾರಾದರೂ ಸಿಲಿಂಡರಿಗೆ ಎಬ್ಬಿಸಿದರೆ ಹೇಗಿರುತ್ತೆ ಅಂತ ಒಮ್ಮೆ ಕೇಳಿನೋಡಿ.

ಬಂಗಾರಪೇಟೆಯಿಂದ ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿಬರುವವರು ಬೆಳಗ್ಗೆ ಟ್ರೈನಿನಲ್ಲಿ ಎಷ್ಟು ಬೇಕಾದರೂ ಮಲಗಲಿ. ಸಂಜೆ ವಾಪಸ್ ಬರುವಾಗ ಮಲಗಿದರೆ ರಾತ್ರಿಯ ನಿದ್ದೆಗೆ ಕತ್ತರಿ.

ಡಾಕ್ಟರ ಹತ್ತಿರ ಯಾವಾಗ

ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಿಂದ, ಹಗಲಿನ ಕೆಲಸವೂ ಕೆಡುವಂತೆ ನಿದ್ದೆ ಹೋಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಕೆಳಗಿನವಕ್ಕೆ ಮೂರು ತಿಂಗಳೂ ಕಾಯಬೇಡಿ.

ಜೋರು ಗೊರಕೆ, ನಡುನಡುವೆ ಉಸಿರು ನಿಂತು ಗಕ್ಕನೆ ಎಚ್ಚರ, ಬೆಳಗ್ಗೆ ತಲೆನೋವು, ಹಗಲು ಕೂತಲ್ಲೇ ನಿದ್ದೆ: ಇದು ಸ್ಲೀಪ್ ಆಪ್ನಿಯಾ ಇರಬಹುದು. ಬಿಪಿ, ಹೃದಯಕ್ಕೆ ಇದರಿಂದ ಕೆಡುಕು. ಇಂಥವರಿಗೆ ನಿದ್ದೆ ಮಾತ್ರೆ ಅಪಾಯ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಿದ್ದರೆ ಶುಗರ್ ನೋಡಿಸಿ. ಐವತ್ತು ದಾಟಿದ ಗಂಡಸರು ಪ್ರಾಸ್ಟೇಟ್ ಕೂಡ ತೋರಿಸಿ. ಬಿಪಿಗೆ ಮೂತ್ರ ಹೋಗುವ ಮಾತ್ರೆ ಸಂಜೆ ತೆಗೆದುಕೊಳ್ಳುತ್ತಿದ್ದರೆ ಬೆಳಗ್ಗೆಗೆ ಬದಲಾಯಿಸಬಹುದಾ ಅಂತ ಕೇಳಿ. ಮಲಗಿದ ತಕ್ಷಣ ಕಾಲಿನಲ್ಲಿ ಏನೋ ಹರಿದಾಡಿದಂತಾಗಿ, ಅಲ್ಲಾಡಿಸಿದರೆ ಮಾತ್ರ ಸಮಾಧಾನ ಆಗುವುದಾದರೆ ರಕ್ತದಲ್ಲಿ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ. ಹೆಂಗಸರಲ್ಲಿ ಇದು ಜಾಸ್ತಿ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾದರೆ, ಎದೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ.

ದಿನಾ ಮೂರು ನಾಲ್ಕಕ್ಕೆ ಎಚ್ಚರ, ಬೆಳಗಿನ ಹೊತ್ತೇ ಮನಸ್ಸು ತೀರಾ ಭಾರ, ಯಾವುದರಲ್ಲೂ ಆಸಕ್ತಿ ಇಲ್ಲ, ಇದು ಎರಡು ವಾರ ದಾಟಿತು ಅಂದರೆ ಖಿನ್ನತೆ ಇರಬಹುದು. ಬದುಕು ಸಾಕು ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗೂ ಹೋಗಿ ತೋರಿಸಬಹುದು.

ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೇಳಬೇಡಿ. ಅಭ್ಯಾಸ ಹತ್ತಿಸುತ್ತವೆ, ವಯಸ್ಸಾದವರನ್ನು ಬೀಳಿಸುತ್ತವೆ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಿಬಿಡುವುದೂ ಬೇಡ. ನಿದ್ದೆ ಇನ್ನಷ್ಟು ಕೆಡುತ್ತದೆ, ಫಿಟ್ಸ್ ಬರುವುದೂ ಉಂಟು. ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಹೋಗುವಾಗ ಎರಡು ವಾರ ಬರೆದ ಚೀಟಿ, ತೆಗೆದುಕೊಳ್ಳುವ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳು ಜೊತೆಗಿರಲಿ. ಈ ಮಾತನ್ನು ಬಾಗಿಲ ಹತ್ತಿರ ಹೇಳದೆ, ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿ. ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ, ಇಲ್ಲವೇ ಅವರಿಂದ ಒಂದು ನಿಮಿಷದ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಳ್ಳಿ. ಗೊರಕೆ ಹೊಡೆಯುವವರು ಯಾರೂ ತಾವು ಹೊಡೆಯುತ್ತೇವೆ ಅಂತ ಒಪ್ಪಿದ್ದಿಲ್ಲ.